ಎಡಗೈ ಮೊದಲು

ಅಣ್ಣ ಸತ್ತದ್ದು ಮನೆಯಲ್ಲಲ್ಲ, ಆಸ್ಪತ್ರೆಯಲ್ಲೂ ಅಲ್ಲ. ತುಂಬಿದ ಸಭಾಂಗಣದಲ್ಲಿ, ಪಿಯಾನೊದ ಮುಂದೆ ಕೂತಲ್ಲೇ ಸತ್ತ. ಅವನ ಸುತ್ತ ಇಡೀ ವಾದ್ಯವೃಂದವಿತ್ತು. ಪಿಯಾನೊ ಮತ್ತು ವೃಂದ ಕೂಡಿ ನುಡಿಸುವ ಕಾನ್ಸರ್ಟೊ ಅದು. ಅದರ ಎರಡನೆಯ ಭಾಗ, ನಿಧಾನದ ಭಾಗ, ನಡೆಯುತ್ತಿತ್ತು. ಬಲಗೈ ಒಂದು ಸಾಲನ್ನು ಮೆಲ್ಲಗೆ ಮೇಲಕ್ಕೆ ಹತ್ತಿಸಿಕೊಂಡು ಹೋಗಿ ತುದಿಯ ಸ್ವರಕ್ಕೆ ಮುಂಚೆಯೇ ನಿಂತಿತು. ಏನೋ ಮರೆತವನ ಹಾಗೆ ಅವನು ತಲೆ ತಗ್ಗಿಸಿದ. ಕೇಳುಗರು ಅದನ್ನೂ ಸಂಗೀತವೆಂದೇ ತಿಳಿದು ಉಸಿರು ಹಿಡಿದು ಕಾದರು. ಆಮೇಲೆ ಅವನ ಹಣೆ ಕೀಲಿಮಣೆಗೆ ತಾಗಿ ಒಂದಷ್ಟು ಸ್ವರಗಳು ಒಟ್ಟಿಗೇ ಮೊಳಗಿದವು.

ತಂಗಿ ಆಗ ಬೇರೊಂದು ಊರಿನಲ್ಲಿದ್ದಳು. ತನ್ನ ಸಂಗೀತ ಕಛೇರಿ ಮುಗಿಸಿ ಬೆರಳುಗಳಿಗೆ ಬಿಸಿನೀರು ಬಿಟ್ಟುಕೊಳ್ಳುತ್ತಿದ್ದಾಗ ಫೋನ್ ಬಂತು.

ಅವಳೂ ಪಿಯಾನೊ ನುಡಿಸುವವಳೇ. ಆದರೆ ಹೆಸರೆಲ್ಲ ಅಣ್ಣನದು. ದೊಡ್ಡ ವೃಂದಗಳು ಅವನನ್ನು ಕರೆಯುತ್ತಿದ್ದವು. ಅವಳಿಗೆ ಸಿಗುತ್ತಿದ್ದದ್ದು ಚಿಕ್ಕ ಸಭಾಂಗಣಗಳು, ಒಬ್ಬಳೇ ಕೂತು ನುಡಿಸುವ ಸಂಜೆಗಳು. ಕಾರ್ಯಕ್ರಮ ನಡೆಸಿಕೊಡುವವರು ಮೈಕಿನಲ್ಲಿ ‘ಅವರ ತಂಗಿ’ ಎಂದೇ ಶುರುಮಾಡುತ್ತಿದ್ದರು. ಅದಕ್ಕೆ ಅವಳು ಮುಖ ಸಿಂಡರಿಸುತ್ತಿರಲಿಲ್ಲ. ಆದರೆ ಅಣ್ಣನ ಹಾಗೆ ನುಡಿಸುವುದಿಲ್ಲ ಎಂದು ಹದಿಹರೆಯದಲ್ಲೇ ಪಟ್ಟು ಹಿಡಿದಿದ್ದಳು. ಅವನಿಗೊಂದು ಅಭ್ಯಾಸವಿತ್ತು: ನಿಧಾನದ ಜಾಗಗಳಲ್ಲಿ ಎಡಗೈಯ ಮಂದ್ರ ಸ್ವರ ಒಂದು ಕೂದಲೆಳೆಯಷ್ಟು ಮೊದಲು ಬೀಳುತ್ತಿತ್ತು, ಅದರ ಹಿಂದೆ ಬಲಗೈಯ ರಾಗ ಬರುತ್ತಿತ್ತು. ಯಾರೋ ಮೊದಲೇ ಹೋಗಿ ದೀಪ ಹಚ್ಚಿಟ್ಟು, ಇನ್ನೊಬ್ಬರನ್ನು ಒಳಗೆ ಕರೆದ ಹಾಗೆ. ಜನ ಅದಕ್ಕೆ ಮರುಳಾಗಿದ್ದರು. ತಂಗಿಯ ಎರಡೂ ಕೈ ಮಾತ್ರ ಒಟ್ಟಿಗೇ ಬೀಳುತ್ತಿದ್ದವು, ಕತ್ತರಿಸಿಟ್ಟಂತೆ. ವಿಮರ್ಶಕನೊಬ್ಬ ‘ತೊಳೆದ ಗಾಜಿನಂಥ ವಾದನ’ ಎಂದು ಬರೆದಿದ್ದ. ಅಣ್ಣ ಅದನ್ನು ಗಟ್ಟಿಯಾಗಿ ಓದಿ, “ನೊಣ ಕೂತ್ರೂ ಜಾರತ್ತೆ ಅಂತ ಅರ್ಥ,” ಎಂದು ಅವಳ ಜಡೆ ಎಳೆದಿದ್ದ.

ಅವನು ಸತ್ತು ವರ್ಷ ತುಂಬುವ ಹೊತ್ತಿಗೆ ಅದೇ ವೃಂದದಿಂದ ಕರೆ ಬಂತು. ಅದೇ ಸಭಾಂಗಣ, ಅದೇ ಕಾನ್ಸರ್ಟೊ. ಅವನ ನೆನಪಿಗಾಗಿ ಅವಳು ನುಡಿಸಬೇಕು.

ಅಮ್ಮ ಅಡುಗೆಮನೆಯಲ್ಲಿ ಬಟಾಣಿ ಬಿಡಿಸುತ್ತಿದ್ದಳು. ಕೋಲಾಡಿಸಿ ವೃಂದವನ್ನು ನಡೆಸುವ ಕಂಡಕ್ಟರು ಎಂದರೆ ಬಸ್ಸಿನ ಕಂಡಕ್ಟರು ಎಂದು ಬಹಳ ಹಿಂದೆ ಅವಳು ಒಮ್ಮೆ ತಪ್ಪು ತಿಳಿದಿದ್ದರಿಂದ ಮನೆಯಲ್ಲಿ ಆತನಿಗೆ ಟಿಕೆಟ್ ಸಾಹೇಬರು ಎಂದೇ ಹೆಸರು.

“ಟಿಕೆಟ್ ಸಾಹೇಬ್ರು ಫೋನ್ ಮಾಡಿದ್ರು,” ಎಂದಳು ಮಗಳು.

“ಏನಂತೆ?”

ಮಗಳು ಹೇಳಿದಳು. ಅಮ್ಮ ಒಂದು ಸಿಪ್ಪೆಯನ್ನು ಉಗುರಿನಿಂದ ಸೀಳಿ, ಕಾಳನ್ನು ಬಟ್ಟಲಿಗೆ ಉದುರಿಸಿದಳು.

“ಬೇರೆ ಯಾವ್ದೂ ಸಿಗ್ಲಿಲ್ವಾ ಅವ್ರಿಗೆ? ಅದೇ ಆಗ್ಬೇಕಾ?”

“ಅರ್ಧಕ್ಕೆ ನಿಂತಿದೆಯಲ್ಲಮ್ಮಾ.”

“ನಿಂತ್ರೆ ನಿಂತಿರ್ಲಿ. ನಾನು ಬರಲ್ಲ, ಈಗ್ಲೇ ಹೇಳ್ಬಿಟ್ಟೆ.”

ಅಷ್ಟಾದರೂ ಹೊರಡುವ ದಿನ ಮಗಳ ಕಪ್ಪು ಉಡುಪಿಗೆ ಇಸ್ತ್ರಿ ಹಾಕಿ, ಪೆಟ್ಟಿಗೆಯಲ್ಲಿ ಮಡಚಿಟ್ಟವಳು ಅವಳೇ.

ತಾಲೀಮಿನ ಕೋಣೆ ಸಭಾಂಗಣದ ಹಿಂಭಾಗದಲ್ಲಿತ್ತು. ಎತ್ತರದ ಕಿಟಕಿಗಳು, ಮರದ ನೆಲ, ಕಬ್ಬಿಣದ ಕುರ್ಚಿಗಳನ್ನು ಎಳೆದಾಡಿ ಮೂಡಿದ ಗೀರುಗಳು. ವಾದಕರು ಎದ್ದು ನಿಂತರು. ಅವಳನ್ನು ನೋಡಿ ಕೆಲವರು ನಕ್ಕರು, ಕೆಲವರು ವಾದ್ಯದ ತಂತಿ ಬಿಗಿಮಾಡುವ ನೆಪದಲ್ಲಿ ತಲೆ ತಗ್ಗಿಸಿದರು. ಅವಳ ಮೂಗು, ಗಲ್ಲ ಅಣ್ಣನದೇ ಅಚ್ಚು.

ಮೊದಲ ಭಾಗ ಸಲೀಸಾಗಿ ಹೋಯಿತು. ಎರಡನೆಯದು ಶುರುವಾದಾಗ ಅವಳಿಗೆ ಏನೋ ಸರಿಯಿಲ್ಲ ಅನ್ನಿಸಿತು. ಅಲ್ಲಿ ಪಿಯಾನೊ ರಾಗ ನುಡಿಸುವಾಗ ದೊಡ್ಡ ಪಿಟೀಲಿನಂಥ ಚೆಲ್ಲೊ ಹಿಡಿದವರು ಬಿಲ್ಲನ್ನು ಬದಿಗಿಟ್ಟು, ಅವಳ ಎಡಗೈಯ ಜೊತೆಗೆ ತಂತಿಯನ್ನು ಬೆರಳಿನಿಂದ ಮೀಟಬೇಕು. ಅವರು ಮೀಟಿದರು, ಆದರೆ ಅವಳ ಕೈ ಬೀಳುವುದಕ್ಕೆ ಒಂದು ಕೂದಲೆಳೆ ಮೊದಲು. ಪ್ರತಿಸಲವೂ ಹಾಗೆಯೇ. ಮೊದಲು ಅಲ್ಲಿ, ತನ್ನ ಭುಜದ ಹಿಂದೆ, ಮಂದ್ರದ ಸ್ವರ. ಅದರ ಬೆನ್ನಿಗೆ ತನ್ನ ರಾಗ. ಅಣ್ಣನ ಎಡಗೈ ಈ ಕೋಣೆಯಲ್ಲಿ ಇನ್ನೂ ನುಡಿಸುತ್ತಿತ್ತು.

ಟಿಕೆಟ್ ಸಾಹೇಬರು ಕೋಲು ತಟ್ಟಿ ನಿಲ್ಲಿಸಿದರು. “ಚೆಲ್ಲೊ, ಮುಂಚೆ ಬರ್ತಿದೀರಿ. ನನ್ನ ಕೈ ನೋಡಿ.”

ಮತ್ತೆ ಶುರುಮಾಡಿದರು. ಮತ್ತೆ ಹಾಗೆಯೇ ಆಯಿತು.

ಚೆಲ್ಲೊಗಳ ಮುಂದಾಳು ನರೆಗೂದಲಿನ ಹೆಂಗಸು. ಅಣ್ಣ ಅವಳನ್ನು ‘ದೊಡ್ಡಕ್ಕ’ ಎಂದು ಕರೆಯುತ್ತಿದ್ದ. ಆಕೆ ವಾದ್ಯವನ್ನು ಮೊಣಕಾಲಿಗೆ ಒರಗಿಸಿಕೊಂಡು ತಂಗಿಯತ್ತ ನೋಡಿದಳು. “ಬೇಕೂಂತ ಮಾಡ್ತಿಲ್ಲಮ್ಮಾ. ಇಷ್ಟು ವರ್ಷ ಅವ್ನ ಜೊತೆ ಹೀಗೇ ಬಂದಿದೀವಿ. ಕೈ ಕೇಳ್ತಿಲ್ಲ.”

“ಪರವಾಗಿಲ್ಲ,” ಎಂದಳು ತಂಗಿ.

ಅಣ್ಣನ ಕೈ ನಿಂತಿದ್ದ ಜಾಗ ಹತ್ತಿರವಾದಾಗ ಸಾಹೇಬರು ಕೋಲು ಕೆಳಗಿಟ್ಟು, “ಕಾಫಿ ಕುಡ್ದು ಬರೋಣ,” ಎಂದರು. ಬಿಡುವು ಮುಗಿಸಿ ಬಂದು ನೇರ ಮೂರನೆಯ ಭಾಗಕ್ಕೆ ಹಾರಿದರು. ಮರುದಿನವೂ ಅದೇ ಜಾಗದಲ್ಲಿ ಅವರಿಗೆ ಕಾಫಿಯ ನೆನಪಾಯಿತು.

“ಸರ್,” ಎಂದಳು ಅವಳು, ಯಾರೂ ಏಳುವ ಮೊದಲೇ. “ಅದನ್ನ ಯಾವಾಗ ನುಡಿಸೋದು?”

ಸಾಹೇಬರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. “ನಾಳೆ ಕಛೇರಿಯಲ್ಲೇ ನುಡಿಸಿಬಿಡೋಣ ಅಂತಿದ್ದೆ. ಎಲ್ರಿಗೂ ಗೊತ್ತಿರೋದೇ ಅಲ್ವಾ?”

“ನಂಗೆ ಒಂದ್ಸಲ ಕೇಳ್ಬೇಕು, ಸರ್.”

ಅವರು ಕೋಲೆತ್ತಿದರು. ರಾಗ ಮೇಲಕ್ಕೆ ಹತ್ತತೊಡಗಿತು, ಪಿಟೀಲುಗಳು ಅದರ ಕೆಳಗೆ ಹಾಸಿಗೆಯಂತೆ ಹರಡಿದವು. ಅವಳು ತುದಿಯ ಸ್ವರವನ್ನು ಮುಟ್ಟಿ, ದಾಟಿ, ಇಳಿಯತೊಡಗಿದಳು. ಇಳಿದು ಸ್ವಲ್ಪ ದೂರ ಬಂದ ಮೇಲೆ ತಾನೊಬ್ಬಳೇ ನುಡಿಸುತ್ತಿರುವುದು ಅವಳಿಗೆ ತಿಳಿಯಿತು. ತಲೆಯೆತ್ತಿ ನೋಡಿದಳು. ವೃಂದ ನಿಂತುಬಿಟ್ಟಿತ್ತು. ಸಾಹೇಬರ ಕೋಲು ಗಾಳಿಯಲ್ಲಿ ಇನ್ನೂ ಆಡುತ್ತಿತ್ತು. ಅವರು ಯಾರಿಗೂ ನಿಲ್ಲಿಸಿ ಎಂದಿರಲಿಲ್ಲ. ಎಲ್ಲರೂ ಪಿಯಾನೊದ ಕಡೆ ನೋಡುತ್ತಿದ್ದರು, ಆದರೆ ಅವಳನ್ನಲ್ಲ. ಅವಳ ಕೈ ಇದ್ದ ಜಾಗವನ್ನು.

ಕೊಳಲಿನವನು ಮೂಗು ಒರೆಸಿಕೊಂಡ. ಸಾಹೇಬರು “ಸಾಕು, ಮನೆಗೆ ಹೋಗಿ,” ಎಂದರು.

ಕಛೇರಿಯ ಸಂಜೆ ಸಭಾಂಗಣದಲ್ಲಿ ಒಂದು ಕುರ್ಚಿಯೂ ಖಾಲಿ ಇರಲಿಲ್ಲ. ಅವಳಿಗಿದ್ದದ್ದು ಒಂದೇ ಹೆದರಿಕೆ: ಇವರು ಮತ್ತೆ ಅಲ್ಲೇ ನಿಂತುಬಿಟ್ಟರೆ? ಸಾವಿರ ಜನರ ಮುಂದೆ ಅಣ್ಣ ಎರಡನೆಯ ಸಲ ಸತ್ತ ಹಾಗಾಗುತ್ತದೆ. ಎರಡನೆಯ ಭಾಗದಲ್ಲಿ ಚೆಲ್ಲೊಗಳ ಬೆರಳು ಮತ್ತೆ ಅವಳಿಗಿಂತ ಮೊದಲು ಬಂದಾಗ ಅವಳು ಯೋಚಿಸುವುದನ್ನು ಬಿಟ್ಟಳು. ಎಡಗೈಯನ್ನು ಮುಂದೆ ಬಿಟ್ಟಳು. ಬಲಗೈಯನ್ನು ತಡೆದು, ಮಂದ್ರ ಸ್ವರ ಒಂದು ಕೂದಲೆಳೆ ಮೊದಲು ಬೀಳುವಂತೆ, ಅವನು ಮಾಡುತ್ತಿದ್ದ ಹಾಗೇ, ತಿಳಿದೇ ಮಾಡಿದಳು.

ವೃಂದಕ್ಕೆ ಮೈಯಲ್ಲಿ ರಕ್ತ ಹರಿದಂತಾಯಿತು. ದೊಡ್ಡಕ್ಕ ತಟ್ಟನೆ ತಲೆ ಎತ್ತಿದಳು. ಆ ಏರು ಬಂತು, ತುದಿಯ ಸ್ವರ ಬಂತು, ಎಡಗೈ ಮೊದಲು ಹೋಯಿತು. ಎಲ್ಲರೂ ಅದರ ಹಿಂದೆ ದಾಟಿದರು. ನುಡಿಸುತ್ತಿದ್ದಂತೆಯೇ ದೊಡ್ಡಕ್ಕನ ಕೆನ್ನೆ ಒದ್ದೆಯಾಗುತ್ತಿದ್ದದ್ದು ತಂಗಿಗೆ ಕಂಡಿತು. ಮೂರನೆಯ ಭಾಗ ಮುಗಿದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವಳು ಬಾಗಿ ನಮಸ್ಕರಿಸಿದಳು. ಎಡಗೈ ಮಾತ್ರ ತಣ್ಣಗಿತ್ತು, ಬೇರೆಯವರ ಕೈ ಹಿಡಿದುಕೊಂಡ ಹಾಗೆ.

ಅಲ್ಲಿಗೆ ಮುಗಿಯಿತೆಂದುಕೊಂಡಿದ್ದಳು. ಮುಗಿಯಲಿಲ್ಲ.

ಮುಂದಿನ ಕಛೇರಿ ಬೇರೆ ಊರಿನಲ್ಲಿ, ಅವಳೊಬ್ಬಳದೇ. ನಿಧಾನದ ಕೃತಿಯೊಂದು ಶುರುವಾಗುತ್ತಿದ್ದಂತೆ ಎಡಗೈ ಮೊದಲು ಬಿತ್ತು. ಅವಳು ಬೆಚ್ಚಿದಳು; ಸರಿಪಡಿಸಿಕೊಂಡಳು. ನಾಲ್ಕು ಸ್ವರ ಮುಂದೆ ಹೋಗುವುದರೊಳಗೆ ಮತ್ತೆ ಅದೇ. ಮನೆಯಲ್ಲಿ ತಾಳಯಂತ್ರ ಇಟ್ಟುಕೊಂಡು ಅಭ್ಯಾಸ ಮಾಡಿದಳು. ಅಲ್ಲಿ ಎರಡೂ ಕೈ ಒಳ್ಳೆಯ ಮಕ್ಕಳ ಹಾಗೆ ಒಟ್ಟಿಗೇ ಬೀಳುತ್ತಿದ್ದವು. ಸಭಾಂಗಣದ ದೀಪ ಮಂಕಾಗಿ, ಜನರ ಕೆಮ್ಮು ಅಡಗಿದ್ದೇ ತಡ, ಎಡಗೈ ಅವಳ ಮಾತು ಕೇಳುತ್ತಿರಲಿಲ್ಲ. ಕೆಲವೊಮ್ಮೆ ಆ ಮಂದ್ರ ಸ್ವರ ತನ್ನ ಬೆರಳಿನದೋ ಅಲ್ಲವೋ ಎಂದು ಅನುಮಾನವಾಗಿ ನುಡಿಸುತ್ತಲೇ ಕೈಯನ್ನು ನೋಡಿಕೊಳ್ಳುತ್ತಿದ್ದಳು.

ಎಲ್ಲಕ್ಕಿಂತ ಕೆಟ್ಟದ್ದು, ಜನ ಅದನ್ನು ಮೆಚ್ಚಿದ್ದು. ಗಾಜು ಎಂದಿದ್ದ ಅದೇ ವಿಮರ್ಶಕ ‘ಕೊನೆಗೂ ಇವರ ವಾದನಕ್ಕೆ ಜೀವ ಬಂದಿದೆ’ ಎಂದು ಬರೆದ. ಅವಳು ಪತ್ರಿಕೆಯನ್ನು ಮಡಚಿ ಕಸದ ಬುಟ್ಟಿಗೆ ಹಾಕಿದಳು. ಯಾರ ಜೀವ ಎಂದು ಅವನನ್ನು ಕೇಳಬೇಕೆನಿಸಿತ್ತು. ಬೇಡವೆಂದರೂ ಕಛೇರಿಗಳು ಹೆಚ್ಚಾದವು. ದೊಡ್ಡ ವೃಂದಗಳು ಕರೆದವು. ನಿದ್ದೆ ಕಡಿಮೆಯಾಗಿ, ಕಣ್ಣಿನ ಕೆಳಗೆ ಕಪ್ಪು ಮೂಡಿತು.

ಒಂದು ಬೆಳಿಗ್ಗೆ ಅಮ್ಮನ ಮನೆಗೆ ಬಂದವಳು, ಅಮ್ಮ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ, ಅಣ್ಣ ತಂಗಿ ಇಬ್ಬರೂ ಕಲಿತ ಹಳೆಯ ಪಿಯಾನೊದ ಮುಂದೆ ಕೂತಳು. ಎಷ್ಟೋ ತಿಂಗಳಿಂದ ಯಾರೂ ಮುಟ್ಟಿರಲಿಲ್ಲ. ಕೆಲವು ಸ್ವರಗಳು ಸೊರಗಿದ್ದವು. ಆ ನಿಧಾನದ ಭಾಗವನ್ನೇ ನುಡಿಸಿದಳು. ಹಿತ್ತಲ ಬಾಗಿಲು ಕಿರುಗುಟ್ಟಿತು.

“ಯಾವಾಗ ಬಂದ್ಯೋ?” ಎಂದಳು ಅಮ್ಮ ಅಲ್ಲಿಂದಲೇ.

ಮಗಳ ಕೈ ನಿಂತಿತು. ಅಮ್ಮ ಬಕೆಟ್ಟು ಹಿಡಿದುಕೊಂಡು ಒಳಗೆ ಬಂದಳು, ನೋಡಿದಳು, ಬಕೆಟ್ಟನ್ನು ಮೆಲ್ಲಗೆ ಕೆಳಗಿಟ್ಟಳು.

“ನಾನೇ ಅವ್ನನ್ನ ಕರೆದೆ ಅಮ್ಮಾ,” ಎಂದಳು ಮಗಳು. “ಅವತ್ತು ಬೇಕಾಗಿತ್ತು, ಕರೆದೆ. ಈಗ ಹೋಗ್ತಿಲ್ಲ.” ಎಲ್ಲವನ್ನೂ ಹೇಳಿಕೊಂಡಳು. ಹೇಳುವಾಗ ಎಡಗೈಯನ್ನು ಬಲಗೈಯಲ್ಲಿ ಬಿಗಿಯಾಗಿ ಹಿಡಿದಿದ್ದಳು.

ಅಮ್ಮ ಕುರ್ಚಿ ಎಳೆದುಕೊಂಡು ಕೂತಳು. “ಅದು ಅವ್ನದಲ್ಲ,” ಎಂದಳು.

“ಏನು?”

“ಹಾಗೆ ನುಡಿಸ್ತಿದ್ದದ್ದು ನೀನು. ಇಷ್ಟುದ್ದ ಇದ್ದೆ. ಕೈ ಚಿಕ್ಕದು, ಎಲ್ಲಾ ಒಟ್ಟಿಗೆ ಸಿಗ್ತಿರ್ಲಿಲ್ಲ. ಎಡಗೈ ಮೊದ್ಲು ಒತ್ತಿ, ಆಮೇಲೆ ಬಲಗೈ ಹುಡುಕ್ತಿದ್ದೆ. ಮೇಷ್ಟ್ರು ಬೈದೂ ಬೈದೂ ಬಿಡಿಸಿದ್ರು. ಇವ್ನು ಅಲ್ಲಿ ಬಾಗಿಲ ಹತ್ರ ನಿಂತು ಕೇಳ್ತಿದ್ದ. ಆಮೇಲೆ ತಾನೂ ಹಾಗೇ ಶುರು ಮಾಡ್ದ. ಅವ್ನಿಗೆ ಯಾರೂ ಬೈಲಿಲ್ಲ.”

“ನಂಗೇನೂ ನೆನಪಿಲ್ವಲ್ಲ.”

“ನಿಂಗೆಲ್ಲಿ ನೆನಪಿರತ್ತೆ? ಐದೋ ಆರೋ ವರ್ಷ ನಿಂಗೆ.”

“ಸಮಾಧಾನಕ್ಕೆ ಹೇಳ್ತಿಲ್ಲ ತಾನೆ?”

“ಸಮಾಧಾನ ಮಾಡೋಕೆ ಬರೋದಾಗಿದ್ರೆ ಮೊದ್ಲು ನನಗೇ ಮಾಡ್ಕೊಳ್ತಿದ್ದೆ,” ಎಂದು ಅಮ್ಮ ಎದ್ದು ಬಕೆಟ್ಟು ಎತ್ತಿಕೊಂಡಳು. ಬಾಗಿಲಲ್ಲಿ ಒಂದು ಕ್ಷಣ ನಿಂತಳು. “ಇನ್ನೊಂದ್ಸಲ ನುಡಿಸು. ಬಟ್ಟೆ ಮುಗಿಯೋ ತನಕ.”

ಮಗಳು ನುಡಿಸಿದಳು. ಅಮ್ಮ ಹೇಳಿದ್ದು ನಿಜವೋ, ಇಬ್ಬರು ಮಕ್ಕಳ ನೆನಪು ಅವಳಲ್ಲಿ ಬೆರೆತುಹೋಗಿದೆಯೋ, ತೀರ್ಮಾನಿಸುವ ದಾರಿ ಇರಲಿಲ್ಲ. ಕೇಳೋಣವೆಂದರೆ ಮೇಷ್ಟ್ರೂ ಇಲ್ಲ, ಅಣ್ಣನೂ ಇಲ್ಲ. ಆದರೆ ಅಂದಿನಿಂದ ಅವಳು ಕೈಯೊಡನೆ ಜಗಳ ಬಿಟ್ಟಳು. ಎಡಗೈ ಮೊದಲು ಹೋದರೆ ಹೋಗಲು ಬಿಟ್ಟಳು. ಹೆದರಿಕೆ ಪೂರ್ತಿ ಹೋಗಲಿಲ್ಲ. ದೀಪ ಮಂಕಾದಾಗ ಬೆನ್ನ ಹಿಂದೆ ಯಾರೋ ನಿಂತಂತೆ ಅನ್ನಿಸುವುದು ಉಳಿದೇ ಇತ್ತು. ಅದಕ್ಕೂ ಒಗ್ಗಿಕೊಂಡಳು. ಒಂದೆರಡು ಸಲ ವೇದಿಕೆಗೆ ಹೋಗುವ ಮೊದಲು ‘ಬಾರೋ’ ಎಂದು ತಾನೇ ಅಂದದ್ದೂ ಉಂಟು.

ವರ್ಷಗಳು ಕಳೆದವು. ಟಿಕೆಟ್ ಸಾಹೇಬರು ನಿವೃತ್ತರಾದರು, ದೊಡ್ಡಕ್ಕ ಬೆರಳಿನ ಗಂಟುನೋವಿನಿಂದ ಚೆಲ್ಲೊ ಬಿಟ್ಟಳು. ಅದೇ ವೃಂದ ಅದೇ ಕಾನ್ಸರ್ಟೊಗೆ ಅವಳನ್ನು ಮತ್ತೆ ಕರೆದಾಗ ತಾಲೀಮಿನ ಕೋಣೆಯಲ್ಲಿ ಪರಿಚಯದ ಮುಖಗಳು ಬೆರಳೆಣಿಕೆಯಷ್ಟೇ ಇದ್ದವು. ಸಾಹೇಬರ ಜಾಗಕ್ಕೆ ಬಂದಿದ್ದ ನಿರ್ದೇಶಕಿ ಚುರುಕಿನ ಹೆಂಗಸು. ಎರಡನೆಯ ಭಾಗದಲ್ಲಿ ಆಕೆ ನಿಲ್ಲಿಸಿ ಕೇಳಿದಳು: “ಮೇಡಂ, ಇಲ್ಲಿ ನಿಮ್ಮ ಎಡಗೈ ಮೊದ್ಲು ಬರುತ್ತೆ, ಬಲಗೈ ಆಮೇಲೆ. ಚೆಲ್ಲೊಗಳು ಯಾವುದರ ಜೊತೆ ಬರ್ಬೇಕು?”

ಹಿಂದೆ ಯಾರಿಗೂ ಅದನ್ನು ಕೇಳಬೇಕಾಗಿ ಬಂದಿರಲಿಲ್ಲ.

“ಎಡಗೈ ಜೊತೆ,” ಎಂದಳು ಅವಳು.

ಅವರೆಲ್ಲ ಪೆನ್ಸಿಲಿನಿಂದ ಗುರುತು ಹಾಕಿಕೊಂಡರು. ಮತ್ತೆ ಶುರುವಾಯಿತು. ಚೆಲ್ಲೊದವರು ಅವಳ ಎಡಗೈಯನ್ನೇ ದಿಟ್ಟಿಸಿ, ಒಂದಿಷ್ಟೂ ಆಚೀಚೆಯಾಗದೆ, ಹೇಳಿದ ಜಾಗದಲ್ಲಿ ಮೀಟಿದರು. ಅವನು ನಿಂತಿದ್ದ ಜಾಗ ಬಂತು. ವೃಂದ ಯಾವ ಅಳುಕೂ ಇಲ್ಲದೆ ದಾಟಿ ಮುಂದಕ್ಕೆ ಹೋಯಿತು. ಅವಳು ಕಿವಿಗೊಟ್ಟು ಕಾದಳು. ಭುಜದ ಹಿಂದೆ ಯಾರೂ ಇರಲಿಲ್ಲ. ಇಷ್ಟು ವರ್ಷಗಳ ಮೇಲೆ ಅಣ್ಣ ಸತ್ತುಹೋಗಿದ್ದಾನೆ ಎಂದು ಅವಳಿಗೆ ಮನವರಿಕೆಯಾದದ್ದು ಆಗಲೇ.

“ಸರಿಯಾಯ್ತಾ ಮೇಡಂ?” ಎಂದಳು ನಿರ್ದೇಶಕಿ.

“ತುಂಬಾ ಚೆನ್ನಾಗಾಯ್ತು,” ಎಂದಳು ಅವಳು. ಮೂಗಿಗೆ ಕರವಸ್ತ್ರ ಹಿಡಿದು, ಸ್ವಲ್ಪ ತಡೆದು, ಮೂರನೆಯ ಭಾಗಕ್ಕೆ ಕೈಯೆತ್ತಿದಳು.