ಸೋಮು ತಿನ್ನದ ಏಟು

ಕಲ್ಲೇಶನ ತಮ್ಮನ ಮಗಳು ಅನುಷಾ ಭಾನುವಾರ ಬೆಳಿಗ್ಗೆ ಲ್ಯಾಪ್‌ಟಾಪ್ ಹಿಡಿದು ಅಜ್ಜಂಪುರದ ನಮ್ಮ ಮನೆಗೆ ಬಂದಳು. ಹಳೆಯ ಹಾಸ್ಯಚಿತ್ರಗಳಲ್ಲಿ ‘ಹೆಣ್ಣಿಗ’ ಎಂದು ನಗೆಪಾಟಲಿಗೆ ಈಡಾದ ಗಂಡಸರ ಬಗ್ಗೆ ಅವಳಿಗೆ ಕಾಲೇಜಿನಲ್ಲಿ ಪ್ರಾಜೆಕ್ಟ್ ಅಂತೆ.

“ದೊಡ್ಡಪ್ಪ, ಅಡುಗೆ ಸೋಮು ಅಂತ ಯಾವಾಗ್ಲೂ ಹೇಳ್ತೀರಲ್ಲ, ಆ ಫಿಲಂ ಸಿಕ್ತು. ಪೂರ್ತಿ ಐತೆ,” ಅಂದಳು.

ಪೂರ್ತಿ ಅಂದದ್ದೇ ನಾನು ಕಲ್ಲೇಶನ ಕಡೆ ತಿರುಗಿದೆ.

ನಾನು ದತ್ತಾತ್ರಿ. ನಲವತ್ತು ವರ್ಷದ ಹಿಂದೆ ತರೀಕೆರೆಯ ಟಾಕೀಸೊಂದರಲ್ಲಿ ಪ್ರೊಜೆಕ್ಟರ್ ಆಪರೇಟರ್ ಆಗಿದ್ದವನು. ಕಲ್ಲೇಶ ದರ್ಜಿ. ಅವನ ಟೈಲರಿಂಗ್ ಅಂಗಡಿಯ ಹಿಂದಿನ ಮನೆಯಲ್ಲಿ ಮೂವತ್ತೆಂಟು ವರ್ಷದಿಂದ ಒಟ್ಟಿಗಿದ್ದೇವೆ. ಊರಿನವರು ಮೊದಲು ಕೆಣಕಿದರು, ಆಮೇಲೆ ಅವರಿಗೇ ಬೇಜಾರಾಯಿತು. ಈಗ ಮದುವೆ ಪತ್ರಿಕೆಯ ಮೇಲೆ ಇಬ್ಬರ ಹೆಸರನ್ನೂ ಒಂದೇ ಸಾಲಿನಲ್ಲಿ ಬರೆದು ಕೊಡುತ್ತಾರೆ. ನನಗೆ ಅಷ್ಟು ಸಾಕು.

ಸೋಮು ಆ ಚಿತ್ರದ ಅಡುಗೆಯವನು. ನಡು ಬಳುಕಿಸಿ ನಡೆಯುತ್ತಾನೆ, ಮಾತಿಗೊಮ್ಮೆ ಹೆಗಲ ಟವೆಲನ್ನು ಸೆರಗಿನ ಹಾಗೆ ಎಳೆದುಕೊಳ್ಳುತ್ತಾನೆ. ಕೊನೆಯಲ್ಲಿ ನಾಯಕನ ಗೆಳೆಯನಿಗೆ ತಾನೇ ಕಸೂತಿ ಹಾಕಿದ ಕರವಸ್ತ್ರ ಕೊಡುತ್ತಾನೆ. ಗೆಳೆಯ ಕೆನ್ನೆಗೆ ಬಾರಿಸುತ್ತಾನೆ, ಮನೆಮಂದಿಯೆಲ್ಲ ಬಿದ್ದು ಬಿದ್ದು ನಗುತ್ತಾರೆ. ಆಮೇಲೆ ಸೋಮು ತಲೆಯೆತ್ತಿಕೊಂಡು ಬಾಗಿಲು ದಾಟಿ ಹೋಗುತ್ತಾನೆ.

ಆಗ ಕಡೂರಿನಲ್ಲಿ ಓಡಿ ಮುಗಿದ ಪ್ರಿಂಟೇ ತರೀಕೆರೆಗೆ ಬರುತ್ತಿತ್ತು. ಡಬ್ಬಿ ಬಂದ ದಿನ ರೀಲುಗಳನ್ನು ಬೆರಳಲ್ಲಿ ಸವರಿ, ಹರಿದ ಕಡೆ ಅಂಟಿಸುವುದು ಆಪರೇಟರ್ ಕೆಲಸ. ಹಾಗೆ ಸವರುವಾಗ ಆ ಏಟು ಕಣ್ಣಿಗೆ ಬಿತ್ತು. ಉರಿದದ್ದು ನನ್ನ ಕೆನ್ನೆ. ಕತ್ತರಿ ತೆಗೆದುಕೊಂಡು ಇಪ್ಪತ್ತೆರಡು ಅಡಿ ತೆಗೆದುಬಿಟ್ಟೆ. ತರೀಕೆರೆಯಲ್ಲಿ ಮೂರು ವಾರ ಸೋಮು ಕರವಸ್ತ್ರ ಕೊಟ್ಟ, ತಲೆಯೆತ್ತಿ ಹೋದ. ಪ್ರಿಂಟ್ ಶಿವಮೊಗ್ಗಕ್ಕೆ ಹೊರಡುವ ದಿನ ತುಂಡನ್ನು ಮತ್ತೆ ಸೇರಿಸಿದೆ.

ಆ ಚಿತ್ರ ಓಡುವಾಗ ಮ್ಯಾಟಿನಿಗೆ ಬರುತ್ತಿದ್ದ ಒಬ್ಬ, ಸೋಮು ಬಾಗಿಲು ದಾಟುವ ಹೊತ್ತಿಗೆ ಸರಿಯಾಗಿ ಶಿಳ್ಳೆ ಹೊಡೆಯುತ್ತಿದ್ದ. ಬೇರೆ ಯಾರೂ ಅಲ್ಲಿ ಶಿಳ್ಳೆ ಹೊಡೆಯುತ್ತಿರಲಿಲ್ಲ. ಒಂಬತ್ತನೆಯ ದಿನ ಅವನೇ ಕ್ಯಾಬಿನ್ನಿನ ಮೆಟ್ಟಿಲು ಹತ್ತಿ ಬಂದು, “ಕೆಳಗೆ ಬಾಗ್ಲು ಪರದೆ ಹರ್ದೈತೆ, ಹೊಲ್ಕೊಡ್ಲಾ?” ಅಂದ. ಅವನೇ ಕಲ್ಲೇಶ.

ಇವತ್ತಿಗೂ ಸಾರಿಗೆ ಉಪ್ಪು ಹಾಕುವಾಗ ಸೋಮುವಿನ ಹಾಗೆ ಟವೆಲ್ ಎಳೆದುಕೊಂಡು, “ನಮ್ಮೋನು ಒಬ್ಬನಾದ್ರೂ ಏಟು ತಿನ್ದೆ ಹೋದ ಕಣೋ,” ಅನ್ನುತ್ತಾನೆ. ಕತ್ತರಿಯ ವಿಷಯ ನಾನು ಬಾಯಿ ಬಿಟ್ಟಿಲ್ಲ. ಅವನ ಆ ಖುಷಿಯನ್ನು ನಾನೇ ಹೇಗೆ ಕೆಡಿಸಲಿ?

“ಈಗ ಕರೆಂಟ್ ಹೋಗೋ ಹೊತ್ತು,” ಅಂದೆ.

“ಬ್ಯಾಟರಿ ಐತೆ ಮಾಮ.”

“ಮೊದ್ಲು ತಿಂಡಿ ತಿನ್ನಮ್ಮ.”

“ತಿಂತಾನೇ ನೋಡಣ,” ಅಂದ ಕಲ್ಲೇಶ. ಹೊಲಿಯಬೇಕಿದ್ದ ಅಂಗಿಯೊಂದನ್ನು ತೊಡೆಯ ಮೇಲೆ ಹಾಕಿಕೊಂಡು ಕಾಜ ಹಾಕುತ್ತ ಕುಳಿತ.

ಎರಡು ಗಂಟೆ ನಾನು ಚಿತ್ರ ನೋಡಲಿಲ್ಲ, ಅವನ ಮುಖ ನೋಡಿದೆ. ಕರವಸ್ತ್ರ ಬಂತು. ಏಟು ಬಿತ್ತು. ಮನೆಮಂದಿ ನಕ್ಕರು. ಕಲ್ಲೇಶನ ಸೂಜಿ ಒಂದು ಕ್ಷಣವೂ ನಿಲ್ಲಲಿಲ್ಲ.

“ಕಲ್ಲೇಶ, ನಿಂಗೆ ಗೊತ್ತಿತ್ತಾ?”

“ಕಡೂರಲ್ಲೇ ನೋಡಿದ್ದೆ ಕಣೋ,” ಅಂದ, ತಲೆ ಎತ್ತದೆ. “ಜನ ನಗ್ತಿದ್ರು, ಯಾರಿಗೂ ಗೊತ್ತಾಗ್ಬಾರ್ದು ಅಂತ ನಾನೂ ನಕ್ಕೆ. ಆಮೇಲೆ ಸಖರಾಯಪಟ್ಟಣದವರ್ಗೂ ಸೈಕಲ್ ತುಳೀತಾ ಅತ್ಕೊಂಡು ಹೋದೆ. ಸೋಮು ಬಾಗ್ಲು ದಾಟೋದು ಇನ್ನೊಂದ್ಸಲ ನೋಡ್ಬೇಕು ಅಂತ ತರೀಕೆರೆಗೆ ಬಂದೆ. ಏಟು ಬೀಳೋ ಹೊತ್ತಿಗೆ ಕಣ್ಮುಚ್ಕೊಂಡೆ. ಏಟೇ ಬೀಳ್ಲಿಲ್ಲ.”

ಅನುಷಾ ಚಿತ್ರ ನಿಲ್ಲಿಸಿದಳು.

“ಮೇಲೆ ಕೂತಿರೋನು ನಮ್ಮೋನೇ ಅಂತ ಆಗ್ಲೇ ಗೊತ್ತಾಯ್ತು. ಮೆಟ್ಲು ಹತ್ತಕ್ಕೆ ಎಂಟು ದಿನ ಧೈರ್ಯ ಸಾಲ್ಲಿಲ್ಲ.”

“ಮತ್ತೆ ಆ ಪರದೆ?”

“ನಾನೇ ಬ್ಲೇಡಲ್ಲಿ ಹರ್ದಿದ್ದೆ.”

ನನಗೆ ನಗು, ಸಿಟ್ಟು, ಅಳು ಒಟ್ಟಿಗೇ ಬಂದವು. “ನಲವತ್ತು ವರ್ಷ ಸುಮ್ನೆ ನನ್ನ ಬೇಯ್ಸಿದ್ಯಲ್ಲೋ.”

“ನೀನೇ ಹೇಳ್ಲಿ ಅಂತ ಕಾದೆ. ದಿನಾ ಉಪ್ಪು ಹಾಕೋವಾಗ ನೆನಪು ಮಾಡ್ತಿರ್ಲಿಲ್ವಾ?”

ಅನುಷಾ ಕಣ್ಣೊರೆಸಿಕೊಂಡು, ಪ್ರಾಜೆಕ್ಟಿಗೆ ಬರೆದುಕೊಳ್ಳಬೇಕು, ಆ ದೃಶ್ಯ ಇನ್ನೊಮ್ಮೆ ಹಾಕುತ್ತೇನೆ ಅಂದಳು. ಸೋಮು ಮತ್ತೆ ಕರವಸ್ತ್ರ ಚಾಚಿದ. ನಾನು ಮುಂದೆ ಬಾಗಿ ಲ್ಯಾಪ್‌ಟಾಪಿನ ಶಬ್ದ ನಿಲ್ಲಿಸಿದೆ, ಎರಡೂ ಅಂಗೈಯನ್ನು ಪರದೆಯ ಮೇಲಿಟ್ಟೆ. ಇಪ್ಪತ್ತೆರಡು ಅಡಿಗೆ ಹದಿನೈದು ಸೆಕೆಂಡ್, ಅದು ಈ ಜನ್ಮದಲ್ಲಿ ಮರೆಯುವ ಲೆಕ್ಕವಲ್ಲ. ಎಣಿಸಿ ಕೈ ತೆಗೆದೆ.

ಸೋಮು ತಲೆಯೆತ್ತಿಕೊಂಡು ಬಾಗಿಲು ದಾಟುತ್ತಿದ್ದ. ಕಲ್ಲೇಶ ಸೂಜಿಯನ್ನು ಅಂಗಿಗೆ ಚುಚ್ಚಿಟ್ಟು, ಎರಡು ಬೆರಳು ಬಾಯಿಗಿಟ್ಟುಕೊಂಡು ಶಿಳ್ಳೆ ಹೊಡೆದ.