ಕಲ್ಲಿನ ಮೇಲಿನ ಮೂರನೆಯ ಹೆಸರು

ಯಲಬುರ್ಗಾದ ಸಂತೆಯಲ್ಲಿ ಫೌಜಿಗೆ ಆಳು ಬರೆದುಕೊಳ್ಳುತ್ತಿದ್ದ ದಿನ, ಅಮರಪ್ಪ ಟೆಂಟ್ ಸಿನಿಮಾದ ಹೀರೋನ ಗತ್ತಿನಲ್ಲಿ ಗೆಳೆಯನ ಹೆಸರು ಕೂಗಿದ್ದ: "ಹುಸೇನಸಾಬ ಹಾಜರ್!" ಸಂತೆಯೆಲ್ಲ ಚಪ್ಪಾಳೆ ತಟ್ಟಿತು. ಅಷ್ಟು ಜನರೆದುರು ಒಲ್ಲೆ ಅನ್ನಲು ನಾಚಿ ಹುಸೇನಸಾಬ ಹೆಬ್ಬೆಟ್ಟು ಒತ್ತಿದ. ಬರ್ಮಾದಿಂದ ಅವನು ಮರಳಲಿಲ್ಲ.

ಯುದ್ಧ ಮುಗಿದ ಮೇಲೆ ಸತ್ತವರ ನೆನಪಿಗೆ ಊರಲ್ಲಿ ಗಡಿಯಾರದ ಗೋಪುರ ಎದ್ದಿತು. ಅದರ ಕಲ್ಲಿನಲ್ಲಿ ಮೂರನೆಯ ಹೆಸರು ಹುಸೇನಸಾಬನದು. ಗಡಿಯಾರಕ್ಕೆ ಕೀಲಿ ಕೊಡುವ ಕೆಲಸ ಅಮರಪ್ಪನಿಗೇ ಸಿಕ್ಕಿತು. ಹುಸೇನಸಾಬನ ತಾಯಿ, ಓದು ಬಾರದ ರಾಜಾಬೀ ಪ್ರತಿ ಶುಕ್ರವಾರ ಬಂದು, ಅವನ ಬಾಯಿಂದಲೇ ಮಗನ ಹೆಸರು ಓದಿಸಿ, ಸೆರಗಿನಿಂದ ಅಕ್ಷರ ಒರೆಸುತ್ತಿದ್ದಳು.

"ಇನ್ನೊಮ್ಮೆ ಓದು ಬೇಟಾ, ಜೋರಾಗಿ."

ಒಂದು ಶುಕ್ರವಾರ ಅಮರಪ್ಪ ಓದುವ ಬದಲು ಹೇಳಿದ: "ಚಾಚೀ, ಅವತ್ತ ಸಂತ್ಯಾಗ ಅವನ ಹೆಸರ ಕೂಗಿದಾಂವ ನಾನ. ಚಾಷ್ಟಿಗೆ, ಮಂದೀನ ನಗಸಾಕ ಕೂಗಿದ್ದೆ."

"ಗೊತ್ತೈತಿ. ಹೋಗುಮುಂದ ಅವನ ಹೇಳ್ಯಾನ. ಅಮರ್ಯಾನ್ನ ಬೈಬ್ಯಾಡ ಅಂದ."

"ಮತ್ತ ನನ್ನ ಕಡಿಂದನ ಯಾಕ ಓದಸ್ತೀರಿ?"

ರಾಜಾಬೀ ಕಲ್ಲಿನಿಂದ ಕೈ ತೆಗೆಯಲಿಲ್ಲ.

"ಬೈಬ್ಯಾಡ ಅಂದಾನ, ಅದಕ್ಕ ಬೈದಿಲ್ಲ. ಓದು."

ಅಮರಪ್ಪ ಓದಿದ. ಮುಂದಿನ ಶುಕ್ರವಾರವೂ ಓದಿದ.