ಹಲಗೆಯ ಕೆಳಗಿನ ಸೆಕೆ

ತಗಡು ಬಗ್ಗಿಸಿ, ಗೋಡೆಗಳ ನಡುವೆ ನೊರೆ ತುಂಬಿಸಿ, ಬೆನ್ನಿಗೆ ಕಪ್ಪು ಕೊಳವೆಗಳನ್ನು ಬಿಗಿದು, ಬುಡದಲ್ಲಿ ಕಂಪ್ರೆಸರ್ ಕೂರಿಸಿ ನನ್ನನ್ನು ಫ್ರಿಜ್ ಮಾಡಿದರು. ಒಂದೇ ಬಾಗಿಲು, ತಿಳಿ ಹಸಿರು ಬಣ್ಣ, ಹಿಡಿಕೆಯ ಪಕ್ಕದಲ್ಲಿ ಪುಟ್ಟ ಬೀಗ. ಹೊರಡುವಾಗ ಹೊಟ್ಟೆಯೊಳಗೆ ಒಂದು ಪುಸ್ತಕವನ್ನೂ ಇಟ್ಟು ಕಳಿಸಿದ್ದರು. ಅದರಲ್ಲಿ ನನ್ನ ಗುಟ್ಟೆಲ್ಲ ಇತ್ತು. ನನ್ನ ತಂಪು ಹುಟ್ಟುವುದು ಮೇಲಿನ ಐಸ್ ಪೆಟ್ಟಿಗೆಯಲ್ಲಿ. ತಣ್ಣನೆಯ ಗಾಳಿ ಅಲ್ಲಿಂದ ತಂತಿಯ ತಟ್ಟೆಗಳ ಸಂದಿಯಲ್ಲಿ ಕೆಳಗಿಳಿಯುತ್ತದೆ. ಅದಕ್ಕೆ ದಾರಿ ಬಿಡಿ ಎಂದು ಬರೆದಿತ್ತು. ಇಷ್ಟೇ ನಾನು ಮನುಷ್ಯರಲ್ಲಿ ಕೇಳಿಕೊಂಡದ್ದು. ಆ ಪುಸ್ತಕವನ್ನು ಒಬ್ಬರಾದರೂ ಓದಿದ್ದರೆ ಇವತ್ತು ನಾನು ಬಾಯಿ ಬಡಿದುಕೊಳ್ಳಬೇಕಾಗಿರಲಿಲ್ಲ.

ನನ್ನ ಮೊದಲ ಯಜಮಾನ ದಾವಣಗೆರೆ ಬಸ್ ನಿಲ್ದಾಣದ ಎದುರು ಸೋಡಾ ಅಂಗಡಿ ಇಟ್ಟಿದ್ದ. ಪುಸ್ತಕದ ಹಾಳೆ ಹರಿದು ಗಿರಾಕಿಗಳಿಗೆ ಮಿರ್ಚಿ ಕಟ್ಟಿಕೊಟ್ಟ. ಬಾಟಲಿಗಳನ್ನು ಉಸಿರಾಡಲು ಜಾಗವಿಲ್ಲದಂತೆ ತುರುಕುತ್ತಿದ್ದ, ನಿಮಿಷಕ್ಕೊಂದು ಸಲ ಬಾಗಿಲು ತೆಗೆಯುತ್ತಿದ್ದ, ಆಮೇಲೆ ಗಿರಾಕಿಗಳ ಮುಂದೆ ನನ್ನ ಕೆನ್ನೆಗೆ ಬಡಿದು, "ಈ ದರಿದ್ರದ್ದು ತಣ್ಣಗೇ ಆಗಂಗಿಲ್ಲ ನೋಡ್ರಿ" ಅನ್ನುತ್ತಿದ್ದ. ಆರು ವರ್ಷ ಹೀಗೆ ಏಗಿದೆ. ಅಂಗಡಿಗೆ ಗಾಜಿನ ಬಾಗಿಲಿನ ದೊಡ್ಡ ಫ್ರಿಜ್ ಬಂದಾಗ ನನ್ನನ್ನು ಜಯತೀರ್ಥ ಮೇಷ್ಟ್ರಿಗೆ ಮಾರಿದ. ಮೇಷ್ಟ್ರು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವರು ಎಂದು ಕೇಳಿ ನಾನು ಹಿರಿಹಿರಿ ಹಿಗ್ಗಿದೆ. ಇನ್ನಾದರೂ ನನ್ನ ಕಷ್ಟ ಅರಿತವರ ಮನೆ ಸೇರಿದೆ ಅಂದುಕೊಂಡೆ. ನನ್ನ ಹಣೆಬರಹ!

ಆ ಮನೆಯಲ್ಲಿ ಮೂರೇ ಜನ. ಮೇಷ್ಟ್ರು, ಅವರ ಹೆಂಡತಿ ವಾರಿಜಾ, ಮೇಷ್ಟ್ರ ತಾಯಿ ತುಂಗಾಬಾಯಿ. ಈ ತುಂಗಾಬಾಯಿ ಎಂಬತ್ತರ ಹತ್ತಿರದ ಮುದುಕಿ, ಕಡ್ಡಿಯಂತೆ ತೆಳ್ಳಗೆ, ಮಡಿ ಅಂದರೆ ಮಡಿ. ಸ್ನಾನ ಮಾಡದ ಮಗನೇ ಎದುರು ಬಂದರೂ "ದೂರ ನಿಲ್ಲೋ" ಅನ್ನುವವರು. ಬಸ್ ನಿಲ್ದಾಣದಿಂದ ಬಂದ ನನ್ನನ್ನು ಬಿಡುತ್ತಾರೆಯೇ? ಹುಣಸೆಹಣ್ಣು ಹಚ್ಚಿ ಉಜ್ಜಿಸಿದರು, ಅರಿಶಿನದ ನೀರು ಚಿಮುಕಿಸಿದರು, ನೆತ್ತಿಗೆ ಕುಂಕುಮ ಇಟ್ಟರು. ಅಲ್ಲಿಯವರೆಗೆ ನನಗೇನೂ ಬೇಜಾರಿಲ್ಲ. ಅದೇ ಮೊದಲ ಸಲ ಯಾರೋ ನನ್ನ ಮೈ ತೊಳೆದದ್ದು.

ಆಮೇಲೆ ಶುರುವಾಯಿತು ನೋಡಿ. ದೇವರ ನೈವೇದ್ಯದ ಹಾಲು, ಮೊಸರು, ತಮ್ಮ ಮಡಿಯ ಬೆಣ್ಣೆ ಇವೆಲ್ಲ ಮೇಲೆ. ಮಿಕ್ಕ ಅನ್ನ, ಸಾರು, ಹಿಟ್ಟು, ಮುಸುರೆಯೆಲ್ಲ ಕೆಳಗೆ ಎಂದು ತುಂಗಾಬಾಯಿ ಅಪ್ಪಣೆ ಕೊಡಿಸಿದರು. ಅದೂ ಸರಿ. ಆದರೆ ನಡುವೆ ಬರೀ ತಂತಿಯ ತಟ್ಟೆ ಇದ್ದರೆ ಹೇಗೆ, ಕೆಳಗಿನ ಸೋಂಕು ಮೇಲಕ್ಕೆ ಬಂದೇ ಬರುತ್ತದಲ್ಲ? ಬಡಗಿಯನ್ನು ಕರೆಸಿ ಹಲಸಿನ ಹಲಗೆಯೊಂದನ್ನು ಗೋಡೆಯಿಂದ ಗೋಡೆಗೆ, ಹಿಂದಿನಿಂದ ಬಾಗಿಲವರೆಗೆ ಅಳತೆ ಹಿಡಿದು ಕೊಯ್ಯಿಸಿದರು. ಎಲ್ಲಿಯೂ ಬೆರಳು ತೂರದ ಹಾಗೆ. ಹಲಗೆಯನ್ನು ತಟ್ಟೆಯ ಮೇಲೆ ಕೂರಿಸಿದ ದಿನ ನನ್ನ ಕುತ್ತಿಗೆ ಹಿಚುಕಿದಂತಾಯಿತು. ಮೇಲೆ ಮಾಡಿದ ತಂಪೆಲ್ಲ ಮೇಲೆಯೇ ಉಳಿಯಿತು. ಕೆಳಗೆ ಸೆಕೆ.

ಬಿಸಿ ಗಾಳಿ ಮೇಲಕ್ಕೆ, ತಣ್ಣನೆಯದು ಕೆಳಕ್ಕೆ ಎಂದು ಮಕ್ಕಳಿಗೆ ಬೋರ್ಡಿನ ಮೇಲೆ ಬಾಣ ಬರೆದು ತೋರಿಸುವ ಮೇಷ್ಟ್ರು ದಿನಾ ನನ್ನ ಬಾಗಿಲು ತೆಗೆದು ನೀರಿನ ಬಾಟಲಿ ಎತ್ತಿಕೊಂಡು, "ಇದ್ಯಾಕೆ ತಣ್ಣಗೇ ಇಲ್ಲ?" ಅನ್ನುತ್ತಿದ್ದರು. ಎದುರಿಗೇ ಇದೆಯಲ್ಲ ಸ್ವಾಮಿ ಹಲಗೆ! ಕಣ್ಣಿಗೆ ಬೀಳುತ್ತಿರಲಿಲ್ಲ. ಅದು ಅವರಮ್ಮನ ಮಡಿ. ಹುಟ್ಟಿದಾಗಿನಿಂದ ನೋಡಿದ್ದನ್ನು ಮನುಷ್ಯರು ನೋಡುವುದೇ ಇಲ್ಲ.

ಮೇಲೆ ಮೊಸರು ಕಲ್ಲಾಗುತ್ತಿತ್ತು, ಕೆಳಗೆ ದೋಸೆ ಹಿಟ್ಟು ಉಕ್ಕಿ ಹರಿಯುತ್ತಿತ್ತು. ತುಂಗಾಬಾಯಿ ಬಂದು ನನ್ನ ತಂಪಿನ ಗುಂಡಿಯನ್ನು ಎರಡಕ್ಕೆ ಇಳಿಸುವರು, ಅವರು ಅತ್ತ ಹೋದೊಡನೆ ವಾರಿಜಾ ಬಂದು ಏಳಕ್ಕೆ ಏರಿಸುವಳು. ಅತ್ತೆ ಸೊಸೆಯರ ನಡುವೆ ಸಿಕ್ಕ ಗಂಡಸಿನ ಪಾಡು ಏನೆಂದು ನನಗೆ ಗೊತ್ತು. ಗಂಡಸು ಎದ್ದು ಪೇಟೆಗಾದರೂ ಹೋಗಬಹುದು.

ಹಾಳಾಗಿ ಹೋಗಲಿ, ಹಿಟ್ಟು ತಾನೇ, ಹುಳಿಯಾದರೆ ಆಗಲಿ ಎಂದು ನಾನೂ ಸುಮ್ಮನಿದ್ದೆ. ಆದರೆ ಎರಡು ವರ್ಷದ ಹಿಂದೆ ತುಂಗಾಬಾಯಿಯವರಿಗೆ ಸಕ್ಕರೆ ಕಾಯಿಲೆ ಜೋರಾಗಿ, ಡಾಕ್ಟರು ದಿನಕ್ಕೆರಡು ಸಲ ಇನ್ಸುಲಿನ್ ಚುಚ್ಚಲು ಬರೆದುಕೊಟ್ಟರು. ಮೂರು ತಿಂಗಳಿಗಾಗುವಷ್ಟು ಶೀಶೆಗಳನ್ನು ಮೇಷ್ಟ್ರು ಒಟ್ಟಿಗೆ ತಂದರು. ತಂಪಿನಲ್ಲೇ ಇಡಬೇಕು ಎಂದು ಅಂಗಡಿಯವನು ಎರಡು ಸಲ ಹೇಳಿ ಕಳಿಸಿದ್ದನಂತೆ. ವಾರಿಜಾ ಶೀಶೆಗಳನ್ನು ಮೇಲಿನ ತಟ್ಟೆಗೆ ಇಡಹೋದಳು.

"ಅಯ್ಯಯ್ಯೋ, ಆಸ್ಪತ್ರೆ ಸಾಮಾನು ತಂದು ದೇವರ ಹಾಲಿನ ಪಕ್ಕ ಇಡ್ತೀಯೇನೆ? ಕೆಳಗಿಡು!"

ಹೇಳಿದವರು ತುಂಗಾಬಾಯಿಯೇ. ತಮ್ಮ ಪ್ರಾಣವನ್ನು ತಾವೇ ಹಲಗೆಯ ಕೆಳಗೆ ಇಡಿಸಿದರು. ನಾನು ಗಡಗಡ ಅಲುಗಿದೆ, ಗುರ್ರೆಂದೆ. ವಾರಿಜಾ ನನ್ನ ಕಾಲಡಿಗೆ ರಟ್ಟಿನ ಚೂರು ತುರುಕಿ ಸದ್ದಡಗಿಸಿದಳು.

ದಾವಣಗೆರೆಯ ಬೇಸಿಗೆ ನಿಮಗೆ ಗೊತ್ತಲ್ಲ. ಮಾರ್ಚ್ ಬರುವ ಹೊತ್ತಿಗೆ ಅಡಿಗೆಮನೆಯ ಗೋಡೆ ಮುಟ್ಟಿದರೆ ಚುರ್ ಅನ್ನುತ್ತದೆ. ಆ ಶೀಶೆಗಳು ವಾರಗಟ್ಟಲೆ ಸೆಕೆಯಲ್ಲಿ ಬೆಂದು ಸತ್ವ ಕಳೆದುಕೊಂಡವು. ಮುದುಕಿ ಬೆಳಗ್ಗೆ ಸಂಜೆ ಹೊಟ್ಟೆಗೆ ಚುಚ್ಚಿಕೊಳ್ಳುತ್ತಿದ್ದದ್ದು ಬಹುಪಾಲು ಬರೀ ನೀರು. ರಕ್ತ ಪರೀಕ್ಷೆ ಮಾಡಿಸಿದರೆ ಸಕ್ಕರೆ ಇಳಿದಿಲ್ಲ. ಡಾಕ್ಟರು ಪ್ರಮಾಣ ಹೆಚ್ಚಿಸಿದರು, ಆಗಲೂ ಇಳಿಯಲಿಲ್ಲ. "ಬಾಯಿ ಕಟ್ತಿಲ್ಲ ಇವರು. ಮನೇಲಿ ಕದ್ದು ತಿಂತಾರೇನೋ ನೋಡಿ ಮೇಷ್ಟ್ರೇ" ಅಂದರಂತೆ.

ಆ ಒಂದು ಮಾತು ಮನೆ ಹೊಕ್ಕಿದ್ದೇ ತಡ, ಮುದುಕಿಯ ಮಾನ ಮೂರು ಕಾಸಿನದಾಯಿತು. ಮೇಷ್ಟ್ರು ಅಡಿಗೆಮನೆಯಲ್ಲೇ ನಿಂತು ಕೂಗಾಡಿದರು. "ಅಮ್ಮ, ಈ ವಯಸ್ಸಲ್ಲಿ ನಾಲಿಗೆ ಚಪಲ ಬಿಡೋಕಾಗಲ್ವಾ ನಿಂಗೆ?"

"ದೇವರಾಣೆ ಕಣೋ ಜಯಾ, ಒಂದು ಚೂರು ಬೆಲ್ಲ ಬಾಯಿಗೆ ಹಾಕಿಲ್ಲ."

"ಮತ್ತೆ ಶುಗರ್ ಎಲ್ಲಿಂದ ಬಂತು, ಆಕಾಶದಿಂದ ಉದುರ್ತಾ?"

ಮೇಷ್ಟ್ರು ಹಾವೇರಿಯಲ್ಲಿರುವ ತಂಗಿ ವೈಜಯಂತಿಗೆ ಫೋನ್ ಮಾಡಿ "ಅಮ್ಮ ಕದ್ದು ತಿಂತಾಳೆ ಕಣೆ" ಎಂದು ದೂರಿದರು. ಪಕ್ಕದ ಮನೆಯ ಶಾಮಲಮ್ಮನಿಗೆ "ನಮ್ಮಮ್ಮ ಕೇಳಿದ್ರೂ ಸಿಹಿ ಕೊಡಬೇಡಿ" ಎಂದು ಕಾಂಪೌಂಡಿನ ಮೇಲಿಂದಲೇ ಹೇಳಿ ಬಂದರು. ಅಷ್ಟಕ್ಕೂ ಸಮಾಧಾನವಾಗದೆ ಮನೆಯ ಬೆಲ್ಲ, ಸಕ್ಕರೆ, ಉಂಡೆಯ ಡಬ್ಬಿ ಎಲ್ಲವನ್ನೂ ನನ್ನೊಳಗೆ ತುಂಬಿ, ಅಷ್ಟು ವರ್ಷ ಯಾರೂ ಮುಟ್ಟದ ನನ್ನ ಬೀಗವನ್ನು ಹಾಕಿ, ಬೀಗದ ಕೈಯನ್ನು ಜೇಬಿಗಿಳಿಸಿದರು.

ನಲವತ್ತು ವರ್ಷ ಆ ಅಡಿಗೆಮನೆಯನ್ನು ಆಳಿದ ಹೆಂಗಸು ದೇವರ ಹಾಲಿಗೆ ಮಗನ ಮುಂದೆ ಹೋಗಿ, "ಜಯಾ, ಸ್ವಲ್ಪ ಬೀಗ ತೆಗೀತೀಯೇನಪ್ಪ" ಎಂದು ಕೇಳಬೇಕು. ಮಗ ಬಂದು ತೆಗೆದು, ಅವರು ಹಾಲು ತೆಗೆದುಕೊಳ್ಳುವವರೆಗೆ ಪಕ್ಕದಲ್ಲೇ ನಿಂತು ನೋಡಬೇಕು. ನನಗೆ ಹೊಟ್ಟೆ ಉರಿದುಹೋಗುತ್ತಿತ್ತು. ಎಂಥ ಮನೆಯಪ್ಪಾ ಇದು! ತಪ್ಪು ಅವರ ಬಾಯಲ್ಲಿಲ್ಲ, ನನ್ನ ಹೊಟ್ಟೆಯಲ್ಲಿದೆ ಎಂದು ಕೂಗಬೇಕೆನಿಸುತ್ತಿತ್ತು. ಫ್ರಿಜ್ ಕೂಗಿದರೆ ಮನುಷ್ಯರು ರಿಪೇರಿಯವನನ್ನು ಕರೆಸುತ್ತಾರೆ, ಅಷ್ಟೇ.

ಕರೆಸಿದರು ಕೂಡ. ಕೊಟ್ರೇಶಿ ಎಂದು ಅವನ ಹೆಸರು, ಕೆಲಸ ಬಲ್ಲವನು. ಆದರೆ ಅವನಾದರೂ ಏನು ಮಾಡಿಯಾನು! ಅವನು ಬರುವ ಮೊದಲು ತುಂಗಾಬಾಯಿ, "ಹೊರಗಿನವರು ಮುಟ್ತಾರೆ, ಮಡಿ ಸಾಮಾನು ತೆಗಿ" ಎಂದು ಮೇಲಿನ ಹಾಲು ಮೊಸರಿನ ಜೊತೆಗೆ ಹಲಗೆಯನ್ನೂ ತೆಗೆಸಿ, ತೊಳೆಸಿ, ದೇವರಮನೆಯಲ್ಲಿ ಒರಗಿಸುತ್ತಿದ್ದರು. ನಾನು ಎದೆ ತುಂಬ ಉಸಿರೆಳೆದುಕೊಳ್ಳುತ್ತಿದ್ದೆ. ಕೊಟ್ರೇಶಿ ಬರುವ ಹೊತ್ತಿಗೆ ತಳದವರೆಗೆ ತಣ್ಣಗಾಗಿರುತ್ತಿದ್ದೆ. ಬಾಗಿಲಿನ ರಬ್ಬರಿಗೆ ಕಾಗದ ಸಿಕ್ಕಿಸಿ ಎಳೆದು ನೋಡಿದ, ಬಿಗಿಯಾಗಿದೆ. ಬೆನ್ನಿನ ಧೂಳು ಒರೆಸಿ, ಗೋಡೆಯಿಂದ ಒಂದು ಗೇಣು ಈಚೆ ಎಳೆದ. ಒಂದು ಗಂಟೆ ಕೂತು ಥರ್ಮಾಮೀಟರ್ ಇಟ್ಟು ನೋಡಿದ. "ಏನೂ ಆಗಿಲ್ರಿ ಅಕ್ಕಾರ, ಫಸ್ಟ್ ಕ್ಲಾಸ್ ಐತಿ" ಎಂದು ಚಹಾ ಕುಡಿದು ಹೋದ. ಅವನ ಸೈಕಲ್ಲು ಬೀದಿ ದಾಟುವ ಮುಂಚೆ ಹಲಗೆ ಮತ್ತೆ ನನ್ನ ಕುತ್ತಿಗೆಗೆ ಬಂತು.

ಹೀಗೆ ನಾಲ್ಕು ಸಲ. ಎರಡನೆಯ ಸಲ ಥರ್ಮೋಸ್ಟಾಟ್ ಬದಲಾಯಿಸಿದ. ಮೂರನೆಯ ಸಲ ಮೇಷ್ಟ್ರ ಕಾಟ ತಾಳದೆ ಬೇಡದ ಗ್ಯಾಸ್ ತುಂಬಿದ. ನಾಲ್ಕನೆಯ ಸಲ ನೆಲದ ಮೇಲೆ ಕೂತು ತಲೆ ಕೆರೆದುಕೊಂಡ. "ನಾ ಬಂದಾಗ ಛಲೋ ಇರ್ತೈತಿ, ನಾ ಹೋದಮ್ಯಾಲೆ ಕೆಡ್ತೈತಿ. ಇದಕ್ಕ ನನ್ನ ಕಂಡ್ರ ಅಂಜಿಕಿ ಏನ್ರಿ?" ಮೇಷ್ಟ್ರು ನಕ್ಕರು. ನನಗೆ ನಗು ಬರಲಿಲ್ಲ.

ಮೇ ತಿಂಗಳ ಒಂದು ಬೆಳಗ್ಗೆ ತುಂಗಾಬಾಯಿ ಒದ್ದೆ ಸೀರೆಯಲ್ಲಿ ತುಳಸಿಗೆ ನೀರು ಹಾಕಿ ಒಳಬಂದವರು ನನ್ನ ಬಾಗಿಲು ಹಿಡಿದುಕೊಂಡು ಹಾಗೆಯೇ ಜಾರಿ ಬಿದ್ದರು. ಆಸ್ಪತ್ರೆಗೆ ಎತ್ತಿಕೊಂಡು ಹೋದರು. ಸಕ್ಕರೆ ಐನೂರರ ಹತ್ತಿರವಿತ್ತಂತೆ. ಆಸ್ಪತ್ರೆಯವರು ತಮ್ಮ ಇನ್ಸುಲಿನ್ ಕೊಟ್ಟರು, ಮೂರೇ ದಿನದಲ್ಲಿ ಸರಸರ ಇಳಿಯಿತು. ಬಟ್ಟೆ ಒಯ್ಯಲು ಮನೆಗೆ ಬಂದ ಮೇಷ್ಟ್ರು ವಾರಿಜಾಳಿಗೆ, "ನೋಡಿದ್ಯಾ, ಅಲ್ಲಿ ಕದಿಯೋಕೆ ಏನೂ ಸಿಗಲ್ಲ, ಇಳೀತು" ಅಂದರು. ಆ ಮಾತಿಗೆ ನನಗೆ ಬಂದ ಸಿಟ್ಟಿಗೆ ಒಳಗಿನ ದೀಪ ಸುಟ್ಟುಹೋಗದಿದ್ದದ್ದೇ ಹೆಚ್ಚು.

ಅದೇ ಮಧ್ಯಾಹ್ನ, ಆಸ್ಪತ್ರೆಗೆ ಒಯ್ಯಬೇಕೆಂದು ಕೆಳಗಿಟ್ಟಿದ್ದ ಹಾಲು ಒಡೆದುಹೋಯಿತು. ವಾರಿಜಾ ರೇಗಿ ಕೊಟ್ರೇಶಿಗೆ ಫೋನ್ ಮಾಡಿದಳು. ಅವನು ಬಂದ. ಮಡಿ ಸಾಮಾನು ತೆಗಿ ಎಂದು ಹೇಳುವವರು ಈ ಸಲ ಮನೆಯಲ್ಲಿ ಇರಲಿಲ್ಲ, ಹಾಗಾಗಿ ಬೀಗವೂ ಇರಲಿಲ್ಲ. ಕೊಟ್ರೇಶಿ ಬಾಗಿಲು ತೆಗೆದವನು ಹಾಗೆಯೇ ನಿಂತ.

"ಇದೇನ್ರಿ ಅಕ್ಕಾರ ಹಲಗಿ?"

"ಅದು ಯಾವಾಗಲೂ ಇರತ್ತಲ್ಲ."

"ನಾ ಬಂದಾಗ ಇರಲಿಲ್ಲಲ್ರಿ!"

"ನೀವು ಬರ್ತೀರ ಅಂತ ತೆಗೆದಿಡ್ತಿದ್ವಿ. ನಮ್ಮತ್ತೆ ಮಡಿ."

ಕೊಟ್ರೇಶಿ ಹಣೆ ಹಣೆ ಬಡಿದುಕೊಂಡ. ನನಗೂ ಕೈ ಇದ್ದಿದ್ದರೆ ಬಡಿದುಕೊಳ್ಳುತ್ತಿದ್ದೆ. "ತಂಪು ಕೆಳಗ ಇಳಿಯೋದು ಎಲ್ಲಿಂದ್ರಿ ಮತ್ತ? ನಾಲ್ಕು ಸಲ ಬಿಚ್ಚೀನಲ್ರಿ ಇದನ್ನ!" ಎನ್ನುತ್ತಾ ಹಲಗೆ ಎಳೆದು ಪಕ್ಕಕ್ಕಿಟ್ಟು ಕೆಳಗೆ ಕೈ ಹಾಕಿದ. ಕೈಗೆ ಶೀಶೆ ಸಿಕ್ಕಿತು. ಅದನ್ನು ಅಂಗೈಯಲ್ಲಿ ಹಿಡಿದು ನೋಡಿದವನ ಮುಖ ಬದಲಾಯಿತು. "ಇದು ಯಾರ್ದು? ನಮ್ಮಪ್ಪಗೂ ಇದೇ ಚುಚ್ಚತೀವಿ. ಬೆಚ್ಚಗೆ ಐತಲ್ರಿ ಅಕ್ಕಾರ. ಸೆಕೀಗೆ ಇದು ಸತ್ತು ಹೋಗಿರ್ತೈತಿ."

ವಾರಿಜಾ ಶೀಶೆಯನ್ನು ಕೈಗೆ ತೆಗೆದುಕೊಂಡಳು. ಆಮೇಲೆ ನನ್ನ ಮುಂದೆ ನೆಲದ ಮೇಲೆ ಕೂತುಬಿಟ್ಟು, "ಅಯ್ಯೋ, ನಾವು ಅವರಿಗೆ ಬೀಗ ಹಾಕಿದ್ವಿ" ಎಂದು ಅಳತೊಡಗಿದಳು. ಕೊಟ್ರೇಶಿ ಏನೂ ಅರ್ಥವಾಗದೆ ಸಾಮಾನಿನ ಚೀಲ ಹಿಡಿದುಕೊಂಡು ಬಾಗಿಲ ಬಳಿ ನಿಂತಿದ್ದ.

ತಪ್ಪು ಸಿಕ್ಕಿತು, ಆದರೆ ನನಗೇನೂ ಲಾಭವಾಗಲಿಲ್ಲ. ಅಷ್ಟು ವರ್ಷ ಏಳರ ಮೇಲೆ ದುಡಿದ ಕಂಪ್ರೆಸರ್ ಆ ವಾರವೇ ಕೈ ಕೊಟ್ಟಿತು. ಹೊಸ ಫ್ರಿಜ್ ಬಂತು. ನನ್ನನ್ನು ಹಿತ್ತಲ ವರಾಂಡಕ್ಕೆ ತಳ್ಳಿ, ಹಳೆಯ ಪೇಪರು, ಛತ್ರಿ, ಪೊರಕೆ ತುಂಬಿದರು. ಅಲ್ಲಿಯೇ ಇದ್ದೇನೆ ಈಗಲೂ. ಕರೆಂಟಿಲ್ಲ, ತಂಪಿಲ್ಲ, ಯಾರೂ ಬೈಯುವುದೂ ಇಲ್ಲ.

ಆಸ್ಪತ್ರೆಯಿಂದ ಬಂದ ತುಂಗಾಬಾಯಿಗೆ ವಾರಿಜಾ ಎಲ್ಲವನ್ನೂ ಹೇಳಿ ಕಾಲು ಹಿಡಿದುಕೊಂಡಳು. ಅವರು ಅವಳ ತಲೆ ಸವರಿ ಕಳಿಸಿದರು. ಮೇಷ್ಟ್ರು ಮಾತ್ರ ಎರಡು ದಿನ ತಾಯಿಯ ಕಣ್ಣು ತಪ್ಪಿಸಿ ಓಡಾಡಿದರು, ಹಣ್ಣು ತಂದರು, ಹೊಸ ಹಾಸಿಗೆ ತಂದರು. ಮೂರನೆಯ ದಿನ ತುಂಗಾಬಾಯಿ ವರಾಂಡದಲ್ಲಿ ನನಗೆ ಬೆನ್ನು ಕೊಟ್ಟು ಬೆಳಗಿನ ಎಳೆ ಬಿಸಿಲಿಗೆ ಕೂತು ಮಗನನ್ನು ಕರೆದರು. "ಫೋನ್ ತಗೊಂಡು ಬಾ. ವೈಜಯಂತಿಗೆ ಹಚ್ಚು."

ಮೇಷ್ಟ್ರು ಫೋನ್ ಹಚ್ಚಿದರು. "ಅದೇನಿಲ್ಲ ಕಣೆ, ನಮ್ಮ ಫ್ರಿಜ್ ಕೆಟ್ಟಿತ್ತಂತೆ, ಅದಕ್ಕೇ..."

"ಫ್ರಿಜ್ ಕೆಟ್ಟಿರಲಿಲ್ಲ" ಅಂದರು ತುಂಗಾಬಾಯಿ. "ಹಲಗೆ ಇಡಿಸಿದ್ದು ನಾನು, ಅದನ್ನ ಹೇಳು. ಅಮ್ಮ ಕದ್ದು ತಿಂದಿರಲಿಲ್ಲ, ಅದನ್ನೂ ಹೇಳು."

ಕೇಳಿದಿರಾ! ಇಷ್ಟು ವರ್ಷದಲ್ಲಿ ಈ ಮನೆಯವರ ಪೈಕಿ ಫ್ರಿಜ್ ಕೆಟ್ಟಿರಲಿಲ್ಲ ಎಂದು ಬಾಯಿ ಬಿಟ್ಟು ಹೇಳಿದವರು ಅವರೊಬ್ಬರೇ. ನನ್ನ ಕುತ್ತಿಗೆ ಹಿಚುಕಿದ್ದೂ ಅವರೇ, ಇರಲಿ. ಅವರ ಮೇಲಿನ ಸಿಟ್ಟು ನನಗೆ ಅಂದೇ ಇಳಿಯಿತು.

ಮೇಷ್ಟ್ರು ತಂಗಿಗೆ ಇದ್ದದ್ದು ಇದ್ದ ಹಾಗೆ ಹೇಳಿದರು. ಆಮೇಲೆ ತುಂಗಾಬಾಯಿ ಡಾಕ್ಟರಿಗೂ ಫೋನ್ ಮಾಡಿಸಿದರು. ಆಮೇಲೆ ಕಾಂಪೌಂಡಿನ ಬಳಿಗೆ ಕಳಿಸಿ ಶಾಮಲಮ್ಮನಿಗೆ ಹೇಳಿಸಿದರು, ಇಲ್ಲಿಗೆ ಕೇಳಿಸುವ ಹಾಗೆ. ಮೇಷ್ಟ್ರು ಬೆವರು ಒರೆಸಿಕೊಳ್ಳುತ್ತಾ ವಾಪಸು ಬಂದು ನಿಂತರು.

"ಎಲ್ಲಾರಿಗೂ ಹೇಳಿದೆ ಅಮ್ಮ."

"ಒಬ್ರು ಉಳಿದ್ರು."

"ಇನ್ಯಾರು?"

"ನಾನು."

ಮೇಷ್ಟ್ರ ಕೈಯಲ್ಲಿದ್ದ ಫೋನು ಕೆಳಗಿಳಿಯಿತು. ಮೆಟ್ಟಿಲ ಮೇಲೆ, ತಾಯಿಯ ಕಾಲ ಬಳಿ ಕೂತರು. ಅರವತ್ತರ ಹತ್ತಿರದ ಗಂಡಸು. "ನೀನು ಕದ್ದು ತಿಂದಿರಲಿಲ್ಲ ಅಮ್ಮ."

"ಅದು ನಂಗೆ ಮೊದಲೇ ಗೊತ್ತಿತ್ತು ಕಣೋ" ಅಂದರು ತುಂಗಾಬಾಯಿ. "ನಿಂಗೆ ಗೊತ್ತಿರಬೇಕಿತ್ತು."

ಮಗ ಇನ್ನೂ ಸ್ನಾನ ಮಾಡಿರಲಿಲ್ಲ. ಅವರು ಕೈ ಚಾಚಿ ಅವನ ತಲೆಯ ಮೇಲೆ ಇಟ್ಟರು.